ಕಾಲೇಜು ಪತ್ರಿಕೆಯೂ ಕುರುಗೋಡಿನ ಓದುಗರೂ

ಅಚ್ಚಾದ ಪತ್ರಿಕೆಯೊಂದು ಕೈಗೆ ಬಂದೊಡನೆ ಮನುಷ್ಯನು ಅದನ್ನು ಮೊದಲ ಪುಟದಿಂದ ಓದತೊಡಗುತ್ತಾನೆಂಬುದು ಪತ್ರಿಕೆ ನಡೆಸುವವರ ಸುಖಭ್ರಮೆ. ನಾನು ಕಂಡಮಟ್ಟಿಗೆ ಯಾರೂ ಹಾಗೆ ಓದುವುದಿಲ್ಲ. ಒಬ್ಬರು ಹಿಂದಿನಿಂದ ಮುಂದಕ್ಕೆ ಮಗುಚುತ್ತಾರೆ. ಒಬ್ಬರು ನಡುವೆ ಬೆರಳಿಟ್ಟು ಬಿಚ್ಚಿ, ಅಲ್ಲಿ ಸಿಕ್ಕಿದ್ದನ್ನೇ ಪ್ರಸಾದವೆಂದು ಸ್ವೀಕರಿಸುತ್ತಾರೆ. ಇನ್ನೊಬ್ಬರು ಮೂಗಿನ ಹತ್ತಿರ ಹಿಡಿದು, ಮಸಿಯ ವಾಸನೆ ಹಿತವಾಗಿದೆಯೆಂದು ನಿಶ್ಚಯಿಸಿಕೊಂಡು, ಕಪಾಟಿನಲ್ಲಿಟ್ಟುಬಿಡುತ್ತಾರೆ. ನನ್ನ ಪದ್ಧತಿಯನ್ನು ಮುಚ್ಚಿಡುವುದೇಕೆ? ನಾನು ಮೊದಲು ನನ್ನ ಹೆಸರಿರುವ ಪುಟವನ್ನು ಹುಡುಕುತ್ತೇನೆ. ಅದನ್ನು ಎರಡು ಸಲ ಓದುತ್ತೇನೆ. ಮೂರನೆಯ ಸಲ, ಯಾರೋ ಅಪರಿಚಿತರು ಬರೆದದ್ದೆಂದು ಭಾವಿಸಿಕೊಂಡು ಓದಿ, ಆ ಅಪರಿಚಿತರ ಪ್ರತಿಭೆಗೆ ತಲೆದೂಗುತ್ತೇನೆ.

ಮದರಾಸಿನಲ್ಲಿ ನಾನು ಓದಿದ ಕಾಲೇಜು ತನ್ನ ಹಳೆಯ ವಿದ್ಯಾರ್ಥಿಗಳಿಗಾಗಿ ಮೂರು ತಿಂಗಳಿಗೊಮ್ಮೆ ಒಂದು ಇಂಗ್ಲಿಷ್ ಪತ್ರಿಕೆಯನ್ನು ಹೊರಡಿಸುತ್ತಿತ್ತು. ಯಾರಿಗೆ ಎಲ್ಲಿ ನೌಕರಿಯಾಯಿತು, ಯಾರಿಗೆ ಬಡ್ತಿಯಾಯಿತು, ಯಾರು ತೀರಿಕೊಂಡರು, ಪ್ರಿನ್ಸಿಪಾಲರು ಯಾವ ಸಭೆಯಲ್ಲಿ ಏನು ಹೇಳಿದರು ಎಂಬಿವೇ ಅದರ ಸಾರ. ಬಿ.ಎ. ಮುಗಿಸಿ ಬಳ್ಳಾರಿಗೆ ಬಂದು ಸಾಲಿ ಮಾಸ್ತರನಾದ ನಾನು, ನಮ್ಮ ಸೀಮೆಯ ಸುದ್ದಿಗಳನ್ನು ಅದಕ್ಕೆ ಬರೆದು ಕಳುಹಿಸುತ್ತಿದ್ದೆ. ಆದರೆ ನಮ್ಮ ಸೀಮೆಯಲ್ಲಿ ಆ ಕಾಲೇಜಿನ ಮುಖ ಕಂಡವರು ಬೆರಳೆಣಿಕೆಯಷ್ಟು. ಅವರಲ್ಲಿ ಯಾರಿಗೂ ಮೂರು ತಿಂಗಳಿಗೊಮ್ಮೆ ಬಡ್ತಿಯಾಗುತ್ತಿರಲಿಲ್ಲ, ಸಾಯುವ ಮಾತಂತೂ ದೂರ. ಸುದ್ದಿ ಬತ್ತಿದಾಗ ನಾನು ವಿನೋದವನ್ನು ಬರೆಯತೊಡಗಿದೆ. ವಿದ್ಯಾರ್ಥಿದೆಸೆಯ ನಗೆಪ್ರಸಂಗಗಳಿಗೆ ನಾಲ್ಕು ಅಲಂಕಾರ ತೊಡಿಸಿ ಕಳುಹಿಸಿದರೆ ಸಂಪಾದಕರು ಸಂತೋಷದಿಂದ ಅಚ್ಚು ಹಾಕುತ್ತಿದ್ದರು. ನಾನು ಹಾಸ್ಯಗಾರನೆಂಬುದು ಹೀಗೆ ನನಗೆ ಗೊತ್ತಾಯಿತು.

ಒಂದು ಬೇಸಿಗೆಯಲ್ಲಿ ಸಂಪಾದಕರಿಂದ ಸುತ್ತೋಲೆಯೊಂದು ಬಂತು. ಪತ್ರಿಕೆಯ ಬಗ್ಗೆ ಓದುಗರ ಅಭಿಪ್ರಾಯವೇನೆಂದು ಆಯಾ ಊರಿನ ಬಾತ್ಮೀದಾರರು ವಿಚಾರಿಸಿ ತಿಳಿಸಬೇಕು. ಮೊದಲು ಯಾವ ಪುಟ ಓದುತ್ತಾರೆ, ಯಾವುದನ್ನು ಬಿಡುತ್ತಾರೆ, ಏನು ಹೆಚ್ಚು ಬೇಕು, ಏನು ಬೇಡ. ಕಾಗದದಲ್ಲಿ ಕೇಳಿದ್ದರೂ ಸಾಲುತ್ತಿತ್ತು. ಆದರೆ ಹೊಗಳಿಕೆಯನ್ನು ಅಂಚೆಯಲ್ಲಿ ತರಿಸಿಕೊಳ್ಳುವುದಕ್ಕಿಂತ ಎದುರು ಕುಳಿತು ಕೇಳುವುದು ರುಚಿ. ಬೇಸಿಗೆ ರಜೆ ಬೇರೆ ಇತ್ತು. ಹೊರಟೆ.

ಮೊದಲು ಬಳ್ಳಾರಿಯಲ್ಲೇ ಇದ್ದ ವಕೀಲ ಶೇಷಗಿರಿರಾಯರ ಮನೆಗೆ ಹೋದೆ. ಅವರು ನನಗಿಂತ ಹತ್ತು ವರ್ಷ ಹಿರಿಯರು. ಪತ್ರಿಕೆಯ ಸಂಚಿಕೆಗಳನ್ನೆಲ್ಲ ಬಟ್ಟೆಯ ರಟ್ಟು ಹಾಕಿಸಿ ಕಾನೂನು ಗ್ರಂಥಗಳ ಪಕ್ಕದಲ್ಲಿ ಇಟ್ಟಿದ್ದನ್ನು ಕಂಡು ನನ್ನ ಎದೆ ಉಬ್ಬಿತು. ಅವರು ಬಡ್ತಿಯ ಪಟ್ಟಿಯನ್ನು ಬಹಳ ಹೊಗಳಿದರು. ನಾನು ಮಾತನ್ನು ಮೆಲ್ಲಗೆ ನನ್ನ ಲೇಖನಗಳತ್ತ ತಿರುಗಿಸಿದೆ.

“ನೀವೂ ಬರೀತೀರೇನು?” ಎಂದು ರಾಯರು ಸಂತೋಷದಿಂದ ಕೇಳಿದರು. “ಗೊತ್ತಿರಲಿಲ್ಲ ನೋಡ್ರಿ. ಮುಂದಿನ ಸಲ ತಪ್ಪದ ನೋಡತೀನಿ.”

ಮೂರು ವರ್ಷದಿಂದ ಬರೆಯುತ್ತಿದ್ದೇನೆಂದು ಹೇಳುವಷ್ಟು ಧೈರ್ಯ ನನಗಾಗಲಿಲ್ಲ. ಅವರು ಕೊಟ್ಟ ಕಾಫಿಯನ್ನು ಕುಡಿದು, ಓದುಗರಲ್ಲಿ ರಸಜ್ಞರು ಹಳ್ಳಿಗಾಡಿನಲ್ಲೇ ಇರಬೇಕೆಂದು ನಿರ್ಧರಿಸಿ, ಮರುದಿನ ಬೆಳಿಗ್ಗೆ ಬಂಡಿ ಕಟ್ಟಿಸಿದೆ.

ಸಿರುಗುಪ್ಪದಲ್ಲಿ ಅಬ್ದುಲ್ ಖಾದರ್ ಇದ್ದ. ನನ್ನ ಸಹಪಾಠಿ. ಕಾಲೇಜಿನ ನಂತರ ಕಾಲುವೆಗಳ ಮೇಲ್ವಿಚಾರಣೆಯ ಕೆಲಸ ಹಿಡಿದು, ಹೊಳೆಯಿಂದ ಗದ್ದೆಗಳಿಗೆ ನೀರು ಹರಿಯುವ ಹಳೆಯ ಕಾಲುವೆಗಳ ದಂಡೆಯ ಮೇಲೆ ಕುದುರೆಯೇರಿ ತಿರುಗುತ್ತಿದ್ದ. ಬಿಸಿಲಿಗೆ ಕಪ್ಪಾಗಿದ್ದ, ಗಡ್ಡ ಬಿಟ್ಟಿದ್ದ. ನಗು ಮಾತ್ರ ಹಳೆಯದೇ. ಬಳ್ಳಾರಿಯಿಂದ ಬಂದವನಿಗೆ ಆ ಊರಿನ ಬತ್ತದ ಗದ್ದೆಗಳ ಹಸಿರು ಕಣ್ಣಿಗೆ ತಂಪು. ಊಟವಾದ ಮೇಲೆ ಅವನ ಮನೆಯ ಪಡಸಾಲೆಯಲ್ಲಿ ಕುಳಿತು ಸುತ್ತೋಲೆಯ ಪ್ರಶ್ನೆಗಳನ್ನು ಓದಿದೆ.

“ಮೊದಲಿಗೆ ಸತ್ತವರ ಪುಟ ನೋಡತೀನಿ,” ಎಂದ ಖಾದರ್. “ನಮ್ಮ ಹೆಸರು ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಆಮ್ಯಾಲ ನಿನ್ನ ಪುಟಕ್ಕ ಬರ್ತೀನಿ.”

ನಾನು ಬೀಗಿದೆ. ಹೋದ ಸಂಚಿಕೆಯ ಲೇಖನ ಹೇಗಿತ್ತೆಂದು ಕೇಳಿಯೇಬಿಟ್ಟೆ. ಆ ಲೇಖನದ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ನಾವು ಮದರಾಸಿಗೆ ಹೋದ ಹೊಸತರಲ್ಲಿ ನಮ್ಮ ಸೀಮೆಯ ಮೂವರು ಒಂದು ಸಂಜೆ ಸಮುದ್ರ ನೋಡಲು ಹೋಗಿದ್ದೆವು: ನಾನು, ಖಾದರ್ ಮತ್ತು ಕುರುಗೋಡಿನ ಚನ್ನಬಸಪ್ಪ. ಜೊತೆಗೆ ನಾಲ್ಕೈದು ಮಂದಿ ತಮಿಳು, ತೆಲುಗಿನ ಹುಡುಗರು. ಚನ್ನಬಸಪ್ಪ ಬಹಳ ಹೊತ್ತು ಸುಮ್ಮನೆ ನಿಂತು ನೀರನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದ. ಆಮೇಲೆ ನನ್ನನ್ನು ಕೇಳಿದ: “ಇದರ ಏರಿ ಯಾವ ಕಡಿಗೆ ಐತಿ?” ಕೆರೆಗೆ ನೀರು ತಡೆಯುವ ಏರಿಯಿರುವಂತೆ ಸಮುದ್ರಕ್ಕೂ ಮಣ್ಣಿನ ಏರಿಯೊಂದು ಎಲ್ಲೋ ಇರಬೇಕೆಂದು ಅವನ ಎಣಿಕೆ. ನಾನು ಅದನ್ನು ಅಲ್ಲಿಯೇ ಎರಡು ಭಾಷೆಗಳಿಗೆ ಅನುವಾದಿಸಿದೆ. ಮರಳಿನ ಮೇಲೆ ಹೊರಳಾಡಿ ನಕ್ಕೆವು. ಕಾಲೇಜು ಬಿಡುವತನಕ ಅವನಿಗೆ ‘ಏರಿ’ ಎಂದೇ ಹೆಸರಾಯಿತು.

ಈ ಪ್ರಸಂಗವನ್ನೇ ನಾನು ಲೇಖನವಾಗಿಸಿದ್ದೆ. ಹೆಸರು ಹಾಕಿರಲಿಲ್ಲ, ಆದರೆ ಅವನೂರಿನ ಬಂಡೆಗುಡ್ಡವನ್ನೂ ದೊಡ್ಡ ಬಸವನ ಗುಡಿಯನ್ನೂ ಬಣ್ಣಿಸಿದ್ದರಿಂದ ಯಾರೆಂಬುದು ತಿಳಿಯಬೇಕಾದವರಿಗೆಲ್ಲ ತಿಳಿಯುತ್ತಿತ್ತು. ಕೊನೆಯ ವಾಕ್ಯದ ಬಗ್ಗೆ ನನಗೆ ವಿಶೇಷ ಅಭಿಮಾನ: ಸಮುದ್ರದ ಏರಿಯನ್ನು ಕಾಣದೆ, ಬಿ.ಎ. ಪರೀಕ್ಷೆಯ ದಡವನ್ನೂ ಕಾಣದೆ, ನಮ್ಮ ಮಿತ್ರನು ತನ್ನೂರಿನ ಕೆರೆಗೇ ಮರಳಿದನು.

“ಓದಿದೆ,” ಎಂದ ಖಾದರ್. ತಾಂಬೂಲದ ತಟ್ಟೆಯನ್ನು ನನ್ನ ಕಡೆ ಸರಿಸಿದ. “ನಕ್ಕೆ ಕೂಡ. ಕಡೀ ಸಾಲಿಗೆ ಬಂದ ಮ್ಯಾಲ ನಗು ನಿಂತುಬಿಡ್ತು.”

“ಯಾಕ?”

“ಅವ ಪರೀಕ್ಷಾಕ್ಕ ಕುಂತೇ ಇಲ್ಲಲೇ. ಪರೀಕ್ಷಾಕ್ಕ ಇನ್ನೂ ಎರಡು ತಿಂಗಳು ಇತ್ತು, ಅಷ್ಟರಾಗ ಅವರಪ್ಪಗ ಕಣ್ಣು ಹೋದವು. ಮನ್ಯಾಗ ನೋಡೋರು ಯಾರೂ ಇರಲಿಲ್ಲ. ಊರಿಗೆ ಹೋದಾವ ತಿರುಗಿ ಬರಲಿಲ್ಲ. ಫೇಲಾದ ಅಂತ ನಿನಗ ಯಾರು ಹೇಳಿದ್ರು?”

ಯಾರೂ ಹೇಳಿರಲಿಲ್ಲ. ಪಾಸಾದವರ ಪಟ್ಟಿಯಲ್ಲಿ ನಾನು ನನ್ನ ಹೆಸರನ್ನು ಹುಡುಕಿದ್ದೆ. ಅವನದಿಲ್ಲವೆಂಬುದು ಕಣ್ಣಿಗೆ ಬಿದ್ದಿತ್ತು. ಉಳಿದದ್ದನ್ನು ವಾಕ್ಯದ ಅಂದಕ್ಕಾಗಿ ನಾನೇ ಪೂರೈಸಿಕೊಂಡಿದ್ದೆ. ಊರಿಗೆ ಹೋದವನು ಏಕೆ ಬರಲಿಲ್ಲವೆಂದು ಒಂದು ಕಾಗದ ಬರೆದು ವಿಚಾರಿಸಿರಲಿಲ್ಲ. ದಡ ಎಂಬ ಶಬ್ದ ಎರಡು ಕಡೆಗೂ ಹೊಂದುತ್ತದೆಂಬ ಸಂಭ್ರಮದಲ್ಲಿ ಒಬ್ಬ ಮನುಷ್ಯನನ್ನು ನಪಾಸು ಮಾಡಿಬಿಟ್ಟಿದ್ದೆ.

“ಅವಗೂ ಪತ್ರಿಕಿ ಹೋಗತೈತಿ,” ಎಂದ ಖಾದರ್. “ಹಿಂದ ಸಂತಿಗೆ ಬಂದಾಗ ನಿನ್ನ ಸುದ್ದಿ ಕೇಳತಿದ್ದ. ಹೋದ ಸಲ ಕೇಳಲಿಲ್ಲ. ನೀ ಕುರುಗೋಡಿಗೆ ಹೋಗತೀಯೇನು?”

ಹೋಗುವ ಮನಸ್ಸಿರಲಿಲ್ಲ. ಆದರೆ ಖಾದರ್ ಕೇಳಿದ ರೀತಿಯಲ್ಲಿ, ಹೋಗುವುದಿಲ್ಲವೆಂದರೆ ಅವನ ಲೆಕ್ಕದಲ್ಲಿ ನಾನು ಏನಾಗುವೆನೆಂಬುದು ಸ್ಪಷ್ಟವಾಗಿತ್ತು. ಮರುದಿನ ನಸುಕಿನಲ್ಲೇ ಹೊರಟು, ದಾರಿಯುದ್ದಕ್ಕೂ ಕ್ಷಮಾಪಣೆಯ ವಾಕ್ಯಗಳನ್ನು ಕಟ್ಟಿ ಮುರಿದು ಕಟ್ಟುತ್ತಾ ಹೋದೆ. ಏನಾಶ್ಚರ್ಯ ನೋಡಿ: ಚುಚ್ಚುವ ವಾಕ್ಯ ಒಂದೇ ಪಟ್ಟಿಗೆ ಒದಗಿ ಬಂದಿತ್ತು, ತಪ್ಪೊಪ್ಪುವ ವಾಕ್ಯ ಅಷ್ಟು ದೂರದ ದಾರಿ ಸವೆದರೂ ಸರಿಹೋಗಲಿಲ್ಲ.

ಕುರುಗೋಡು ಮುಟ್ಟಿದಾಗ ಬಿಸಿಲೇರಿತ್ತು. ಗುಡ್ಡದ ಬುಡದಲ್ಲಿ ಕಲ್ಲಿನ ಮನೆ. ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ ಚನ್ನಬಸಪ್ಪ ಬಂಡಿಯಿಂದ ಇಳಿದವನನ್ನು ಕಂಡು ಎದ್ದು ಬಂದ. ಸಿಟ್ಟಿರಲಿಲ್ಲ, ಗಾಬರಿಯಿತ್ತು. ಹತ್ತಿರ ಬಂದು ಮೆಲುದನಿಯಲ್ಲಿ, “ರಾಮಣ್ಣ, ಒಳಗ ಅಪ್ಪಾರು ಅದಾರ. ಮೊದಲ ನಾ ಒಂದು ಮಾತು...” ಎನ್ನುವಷ್ಟರಲ್ಲಿ ಪಡಸಾಲೆಯಿಂದ ದನಿ ಬಂತು.

“ಯಾರಪ್ಪಾ ಬಂದದ್ದು?”

“ಬಳ್ಳಾರಿ ರಾಮಣ್ಣ ರೀ, ಅಪ್ಪಾ.”

“ಯಾವ ರಾಮಣ್ಣ? ಸಮುದ್ರದ ಏರಿ ಎಲ್ಲೈತಿ ಅಂತ ಕೇಳಿದ್ನಲ್ಲ, ಅವನೇನು?”

ನಾನು ಚನ್ನಬಸಪ್ಪನ ಮುಖ ನೋಡಿದೆ. ಅವನು ಕೈಯಲ್ಲಿದ್ದ ಹಗ್ಗವನ್ನು ನೋಡುತ್ತಿದ್ದ. ನನಗೆ ಎಲ್ಲವೂ ಒಮ್ಮೆಗೇ ತಿಳಿಯಿತು. ಪತ್ರಿಕೆ ಬಂದಾಗಲೆಲ್ಲ ಮಗ ಅದನ್ನು ಕನ್ನಡಕ್ಕೆ ತಿರುಗಿಸುತ್ತಾ ತಂದೆಗೆ ಓದಿ ಹೇಳುತ್ತಿದ್ದ. ಓದುತ್ತಾ ನನ್ನ ಪುಟಕ್ಕೆ ಬಂದಿದ್ದಾನೆ, ನಡುವೆ ನಿಲ್ಲಿಸುವಂತಿಲ್ಲ. ನಗೆಗೀಡಾದವನು ತಾನೇ ಎಂದರೆ, ಮಗ ಪರೀಕ್ಷೆಯಲ್ಲಿ ಸೋತು ಬಂದು ತಂದೆಯ ಕಣ್ಣಿನ ನೆವ ಹೇಳಿದನೇ ಎಂಬ ಸಂಶಯ ಮುದುಕನ ಎದೆಗೆ ಹೊಕ್ಕೀತು. ಆದ್ದರಿಂದ ಓದುತ್ತೋದುತ್ತಲೇ ವೇಷ ಬದಲಿಸಿ, ಆ ಪ್ರಶ್ನೆ ಕೇಳಿದವನು ಬರೆದ ರಾಮಣ್ಣನೇ ಎಂದು ಹೇಳಿ, ಕೊನೆಯ ವಾಕ್ಯವನ್ನು ನುಂಗಿಕೊಂಡುಬಿಟ್ಟಿದ್ದಾನೆ.

“ಹೌದ್ರಿ,” ಎಂದೆ. “ಕೇಳಿದಾವ ನಾನ ರೀ.”

ಅವನ ತಂದೆ ಸಿದ್ಧಲಿಂಗಪ್ಪನವರು ಕಂಬಳಿಯ ಮೇಲೆ ಕುಳಿತಿದ್ದರು. ಬಿಳಿಯ ಮೀಸೆ, ಹಣೆಯಲ್ಲಿ ವಿಭೂತಿ, ಬಾಗದ ಬೆನ್ನು. ಕಣ್ಣು ಹೋಗುವವರೆಗೂ ಊರ ಕೆರೆಯ ಉಸ್ತುವಾರಿ ಅವರದೇ ಆಗಿತ್ತಂತೆ. ಕೈ ಚಾಚಿ ನನ್ನ ಮುಂಗೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಸೊಸೆ ತಂಬಿಗೆಯಲ್ಲಿ ಮಜ್ಜಿಗೆ ತಂದಿಟ್ಟಳು.

“ಕೇಳಬೇಕಂತ ಭಾಳ ದಿನದಿಂದ ಇದ್ದೆ, ತಮ್ಮಾ. ಏರಿ ಐತೋ ಇಲ್ಲೋ?”

“ಇಲ್ರಿ.”

“ಏರಿ ಇಲ್ಲದ ನೀರು ಹೆಂಗ ನಿಂತೈತಿ? ಕೆರೀಗೆ ಒಂದು ಕಡಿ ಮಣ್ಣು ಕುಸಿದ್ರ ರಾತ್ರಿ ಬೆಳಗಾಗೂದ್ರಾಗ ಊರ ಮುಂದ ನೀರು. ಅಷ್ಟು ದೊಡ್ಡದು ಹರದು ಹೋಗದ ಹೆಂಗ ಐತಿ?”

ನಾನು ಬಾಯಿ ತೆರೆದೆ. ಭೂಗೋಳವನ್ನು ಮಕ್ಕಳಿಗೆ ಹೇಳಿಕೊಡುವವನು ನಾನು. ಸಮುದ್ರಗಳ ಹೆಸರುಗಳನ್ನು ಉಸಿರು ಬಿಡದೆ ಒಪ್ಪಿಸಬಲ್ಲೆ. ನೀರು ತಗ್ಗಿನ ಕಡೆ ನಿಲ್ಲುತ್ತದೆಂದೆ. ತಗ್ಗು ಎಂದ ಮೇಲೆ ಸುತ್ತ ಎತ್ತರವಿರಬೇಕಲ್ಲ, ಆ ಎತ್ತರ ಯಾವುದೆಂದು ಕೇಳಿದರು. ಭೂಮಿ ಗುಂಡಗಿದೆಯೆಂದೆ. ಗುಂಡಗಿದ್ದರೆ ನೀರು ಜಾರಿ ಹೋಗಬೇಕಲ್ಲ ಎಂದರು. ಕೆಣಕುವ ದನಿಯಲ್ಲ, ತಿಳಿದುಕೊಳ್ಳುವ ಆಸೆಯ ದನಿ. ವಿಶ್ವವಿದ್ಯಾಲಯ ನನಗೆ ಕೊಟ್ಟ ಪದವಿಪತ್ರದ ಮೊಹರು ಆ ಪಡಸಾಲೆಯಲ್ಲಿ ಒಂದೊಂದೇ ಅಕ್ಷರ ಅಳಿಸಿಕೊಳ್ಳುತ್ತಿರುವಂತೆ ಭಾಸವಾಯಿತು.

“ಚಲೋ ಪ್ರಶ್ನಿ ಕೇಳಿದಿ,” ಎಂದರು ಮುದುಕರು. “ಇದಕ್ಕ ನಗೂದೇನೈತಿ? ನಿನ್ನ ಜೋಡಿ ಇದ್ದಾವ್ರೆಲ್ಲಾ ನಕ್ಕರಂತ. ನಮ್ಮ ಚನ್ನಬಸಪ್ಪನೂ ನಕ್ಕನೇನು?”

“ಇಲ್ರಿ. ಅವನೊಬ್ಬ ನಗಲಿಲ್ಲ.”

ಆ ಮನೆಯಲ್ಲಿ ಅಂದು ನಾನಾಡಿದ ನಿಷ್ಕಳಂಕ ಸತ್ಯ ಅದೊಂದೇ. ಮುದುಕರ ಮುಖ ಅರಳಿತು. “ಗೊತ್ತಿತ್ತು. ಅವ ಯಾರಿಗೂ ನಗಾವಲ್ಲ,” ಎಂದರು. ಆಮೇಲೆ ದನಿ ತಗ್ಗಿಸಿ, “ನೀನು ಪಾಸಾದಿ. ಅಂಥಾ ಪ್ರಶ್ನಿ ಕೇಳಾವ ಪಾಸಾಗದ ಇರ್ತಾನೇನು? ನಮ್ಮ ಹುಡುಗನೂ ಪರೀಕ್ಷಾಕ್ಕ ಕುಂತಿದ್ರ ಆಗತಿದ್ದ. ನನ್ನ ಕಣ್ಣಿನ ಸಲುವಾಗಿ ಬಿಟ್ಟು ಬಂದ,” ಎಂದರು.

ಚನ್ನಬಸಪ್ಪ ನೀರು ತರುವ ನೆವದಿಂದ ಎದ್ದು ಹೋದ. ನಾನು ಮಜ್ಜಿಗೆಯ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತೆ.

ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ಸುತ್ತೋಲೆಯ ಪ್ರಶ್ನೆಗಳನ್ನು ಅಲ್ಲಿಯೂ ಕೇಳಿದೆ; ಕೇಳದಿದ್ದರೆ ಬಂದ ಕಾರಣವೇನೆಂದು ಮುದುಕರಿಗೆ ಹೇಳುವುದು ಹೇಗೆ? ಮೊದಲು ಯಾವ ಪುಟ ಓದುತ್ತೀರಿ ಎಂದದ್ದಕ್ಕೆ ಅವರಿಗೆ ಅಚ್ಚರಿಯಾಯಿತು. “ಮೊದಲನೇ ಪುಟ. ಮೊದಲನೇದು ಬಿಟ್ಟು ನಡುವ ಹೆಂಗ ಹೊಗೂದು?” ಎಂದರು. ಬಡ್ತಿಯ ಪಟ್ಟಿ, ಸಭೆಯ ವರದಿ, ಕೊನೆಯ ಪುಟದ ಗಡಿಯಾರದ ಜಾಹೀರಾತು, ಯಾವುದನ್ನೂ ಅವರು ಬಿಡಗೊಡುತ್ತಿರಲಿಲ್ಲವಂತೆ. ಮದರಾಸಿನಲ್ಲಿ ತಾವೆಂದೂ ಕಾಣದ ನೂರಾರು ಮಂದಿಯ ಹೆಸರು, ಉದ್ಯೋಗ ಅವರಿಗೆ ಬಾಯಿಪಾಠ. ಮಗ ಬಿಟ್ಟು ಬಂದ ಊರನ್ನು ಮುದುಕರು ಆ ಪತ್ರಿಕೆಯ ಮೂಲಕ ಒಂದೊಂದೇ ಓಣಿಯಾಗಿ ತಿರುಗಿ ಬರುತ್ತಿದ್ದರು.

ಹೊರಡುವಾಗ ಕಾಲು ಮುಟ್ಟಿ ನಮಸ್ಕರಿಸಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟವರು ತೆಗೆಯಲಿಲ್ಲ. “ನಿಂದರು ತಮ್ಮಾ. ಹೊಳೀತು. ಏರಿ ಐತಿ.”

“ಎಲ್ಲಿ ರೀ?”

“ನಾವು ಕುಂತ ನೆಲಾನ ಅದರ ಏರಿ. ಬಳ್ಳಾರಿ, ಕುರುಗೋಡು, ಮದರಾಸು, ಎಲ್ಲಾ ಏರಿನ. ಏರಿ ಮ್ಯಾಲ ನಿಂತು ಏರಿ ಎಲ್ಲೈತಿ ಅಂತ ಕೇಳಿದಿ. ಅದಕ ಕಾಣಲಿಲ್ಲ ನಿನಗ.”

ನಾನು ಬಗ್ಗಿ ಇನ್ನೊಮ್ಮೆ ಅವರ ಕಾಲು ಮುಟ್ಟಿದೆ.

ಬಂಡಿಯವರೆಗೆ ಚನ್ನಬಸಪ್ಪ ಬಂದ. ದಾರಿಯಲ್ಲಿ ಕಟ್ಟಿಟ್ಟುಕೊಂಡಿದ್ದ ವಾಕ್ಯಗಳಲ್ಲಿ ಒಂದೂ ನೆನಪಾಗಲಿಲ್ಲ. “ತಪ್ಪಾತು” ಎಂದಷ್ಟೇ ಹೇಳಿ, ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿಸುತ್ತೇನೆಂದೆ.

“ಏನಂತ ಹಾಕಸ್ತಿ?”

“ನೀ ಫೇಲಾಗಿಲ್ಲ ಅಂತ.”

“ಅದನ್ನೂ ಅಪ್ಪಾರಿಗೆ ನಾನ ಓದಿ ಹೇಳಬೇಕಲ್ಲೋ,” ಎಂದ. “ಫೇಲಾಗಿಲ್ಲ ಅಂದ್ರ, ಫೇಲಾದ ಅಂತ ಯಾರು ಅಂದಿದ್ರು ಅಂತ ಕೇಳ್ತಾರ. ಆವಾಗ ಏನು ಓದಲಿ?”

ಅವನ ಕಣ್ಣಲ್ಲಿ ಮೊದಲ ಸಲ ಸಣ್ಣ ನಗೆ ಕಂಡಿತು. “ಏರಿ ಮಾತಿಗೆ ನನಗೇನೂ ಬ್ಯಾಸರ ಇರಲಿಲ್ಲೋ. ಕೇಳಿದ್ದು ಖರೇ. ಆ ಕಡೀ ಮಾತು ಓದುವಾಗ ನಾಲಗಿ ಹೊರಳಲಿಲ್ಲ. ನಿನ್ನ ತಲೀ ಮ್ಯಾಲ ಹಾಕಿದೆ. ನೀ ಬರ್ತಿ ಅಂತ ಏನು ಗೊತ್ತು?”

ಬಳ್ಳಾರಿಗೆ ಬಂದು ಒಂದು ವಾರ ಯೋಚಿಸಿದೆ. ಕೊನೆಗೆ ಹೊಸ ಲೇಖನವೊಂದನ್ನು ಬರೆದೆ. ಸಮುದ್ರಕ್ಕೆ ಏರಿಯೆಲ್ಲಿ ಎಂದು ಕೇಳಿದವನು ನಾನೇ ಎಂದು ಅದರಲ್ಲಿ ಒಪ್ಪಿಕೊಂಡೆ. ಹೋದ ಸಂಚಿಕೆಯಲ್ಲಿ ಹೆಸರು ಹಾಕದೆ ಬಣ್ಣಿಸಿದ್ದು ನನ್ನದೇ ಹೆಡ್ಡತನವೆಂದೆ. ಅಂದು ನಗದೆ ನಿಂತವನು ಕುರುಗೋಡಿನ ಚನ್ನಬಸಪ್ಪನೊಬ್ಬನೇ, ಮುಂದೆ ತಂದೆಯ ಸೇವೆಗಾಗಿ ಪರೀಕ್ಷೆಯನ್ನೇ ಬಿಟ್ಟು ಹೋದವನು ಅವನು ಎಂದು ಬರೆದೆ. ಕೊನೆಯಲ್ಲಿ ಸಿದ್ಧಲಿಂಗಪ್ಪನವರ ಉತ್ತರವನ್ನು ಅವರ ಹೆಸರಿನಲ್ಲೇ ಕೊಟ್ಟೆ.

ಅದು ಅಚ್ಚಾಯಿತು. ಮೊದಲ ಕಾಗದ ಖಾದರನದು: “ಆವತ್ತು ನಾನೂ ಮರಳ ಮ್ಯಾಲ ಇದ್ದೆ. ಸುಳ್ಳು ಚಲೋ ಬರದೀ.” ಆದರೆ ಆ ಸಂಜೆ ಜೊತೆಗಿದ್ದ ತಮಿಳು ಮಿತ್ರರಿಬ್ಬರು ಮದರಾಸಿನಲ್ಲೇ ಇದ್ದರು. ಪ್ರಶ್ನೆ ಕೇಳಿದವನು ನಾನಲ್ಲವೆಂದು ಅವರು ಸಂಪಾದಕರಿಗೆ ತಿಳಿಸಿದರು. ಒಂದೇ ಘಟನೆಗೆ ಎರಡು ಕಥೆ ಹೇಳಿದ ಬಾತ್ಮೀದಾರನಿಂದ ಸಂಪಾದಕರು ಸಮಜಾಯಿಷಿ ಕೇಳಿದರು. ಹೇಳಿದರೆ ಅದೂ ಅಚ್ಚಾಗಿ ಕುರುಗೋಡಿಗೆ ಹೋದೀತು. ನಾನು ಸುಮ್ಮನಿದ್ದೆ. ಮರುಸಂಚಿಕೆಯಿಂದ ನಮ್ಮ ಸೀಮೆಯ ಸುದ್ದಿಯನ್ನು ಬೇರೊಬ್ಬರು ಬರೆಯತೊಡಗಿದರು. ಓದುಗರ ಅಭಿಪ್ರಾಯ ತಿಳಿಯಲು ಹೊರಟವನಿಗೆ ಸಂಪಾದಕರ ಅಭಿಪ್ರಾಯ ಈ ರೀತಿ ತಿಳಿಯಿತು.

ಬೇಸರವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಪತ್ರಿಕೆ ಬಂದ ದಿನ ನನ್ನ ಹೆಸರಿನ ಪುಟ ಹುಡುಕುವ ಕೈ ಏನು ಮಾಡಬೇಕೆಂದು ತಿಳಿಯದೆ ತಡವರಿಸಿತು. ಆ ವಾರವೇ ಕುರುಗೋಡಿನಿಂದ ಒಂದು ಕಾರ್ಡು ಬಂತು. ಏರಿಯ ರಾಮಣ್ಣ ಈ ಸಲ ಯಾಕೆ ಬರೆದಿಲ್ಲ, ಆರೋಗ್ಯವಾಗಿದ್ದಾನೆಯೇ ಎಂದು ಅಪ್ಪನವರು ಎರಡು ದಿನದಿಂದ ಕೇಳುತ್ತಿದ್ದಾರೆಂದು ಚನ್ನಬಸಪ್ಪ ಬರೆದಿದ್ದ. ಜೊತೆಗೆ ಅವರದೊಂದು ಪ್ರಶ್ನೆ: ಹೊಳೆಗಳೆಲ್ಲ ಸಿಹಿನೀರನ್ನೇ ತಂದು ಸುರಿದರೂ ಸಮುದ್ರ ಯಾಕೆ ಉಪ್ಪಾಗೇ ಉಳಿದಿದೆ?

ನಮ್ಮ ಸಾಲಿಯ ವಿಜ್ಞಾನದ ಮಾಸ್ತರರನ್ನು ಕೇಳಿ, ಅವರ ಪುಸ್ತಕಗಳನ್ನು ತಿರುವಿ, ನನಗೆ ತಿಳಿದಷ್ಟನ್ನು, ತಿಳಿಯದ್ದನ್ನು ತಿಳಿಯದೆಂದೇ ಹೇಳಿ, ಕನ್ನಡದಲ್ಲಿ ನಾಲ್ಕು ಪುಟ ಬರೆದು ಕಳುಹಿಸಿದೆ. ಅಲಂಕಾರವೊಂದೂ ಸೇರಲಿಲ್ಲ; ಸೇರಿಸಬೇಕೆಂದು ಹೊಳೆಯಲೂ ಇಲ್ಲ. ಮುದುಕರ ಮುಂದಿನ ಪ್ರಶ್ನೆ ಹತ್ತು ದಿನದಲ್ಲಿ ಬಂತು. ಅದರ ಕೆಳಗೆ ಚನ್ನಬಸಪ್ಪ ತನ್ನದೊಂದು ಸಾಲು ಸೇರಿಸಿದ್ದ: “ಬರೆದದ್ದನ್ನು ಬರೆದ ಹಾಗೆಯೇ ಓದಿ ಹೇಳಿದೆ.”